ತಾರಾವಿಹಾರದ ಹೊಸ್ತಿಲಲ್ಲಿ

ವರದಾ ನದಿಯ ಬಲದಂಡೆಯಲ್ಲಿ, ಮೂರು ಕಡೆ ನೀರು ತುಂಬಿದ ಕಂದಕವನ್ನೂ ನಾಲ್ಕನೆಯ ಕಡೆ ಕಪ್ಪುಬಂಡೆಯ ಬೆಟ್ಟವನ್ನೂ ಕಾವಲಿಟ್ಟುಕೊಂಡು ನಿಂತಿದ್ದ ನಂದವಳಿಗೆಯೆಂಬ ರಾಜಧಾನಿಯು ಆಶ್ವಯುಜದ ಆ ಮುಂಜಾನೆ ಎಂದಿನಂತೆಯೇ ಎಚ್ಚರಗೊಂಡಿತ್ತು. ಪೇಟೆಯ ಬೀದಿಯಲ್ಲಿ ಕಂಚುಗಾರರು ಕುಲುಮೆ ಹೊತ್ತಿಸಿದ್ದರು. ಹೂವಾಡಗಿತ್ತಿಯರು ಒದ್ದೆ ಬಾಳೆಯೆಲೆಯ ಮೇಲೆ ಸುರಗಿಯನ್ನೂ ಕಣಗಿಲೆಯನ್ನೂ ರಾಶಿ ಹಾಕಿದ್ದರು. ಕರಾವಳಿಯಿಂದ ಘಟ್ಟ ಹತ್ತಿ ಬಂದ ಎತ್ತಿನ ಹೇರುಗಳಿಂದ ಉಪ್ಪಿನ ವಾಸನೆ ಹರಡಿತ್ತು. ಎಲ್ಲವೂ ಇತ್ತು, ಸದ್ದು ಮಾತ್ರ ಇರಲಿಲ್ಲ. ಬೆಲೆ ಕೇಳುವವರು ಪಿಸುಮಾತಿನಲ್ಲಿ ಕೇಳುತ್ತಿದ್ದರು, ಹೇಳುವವರು ಆಚೀಚೆ ನೋಡಿ ಹೇಳುತ್ತಿದ್ದರು. ಅರಮನೆಯ ಮಾಳಿಗೆಯ ಮೇಲೆ ಹದ್ದುಗಳು ನಿನ್ನೆಯಿಂದ ಸುತ್ತುತ್ತಿದ್ದುದನ್ನು ಎಲ್ಲರೂ ಕಂಡಿದ್ದರು, ಆದರೆ ಯಾರೂ ಆ ಮಾತನ್ನು ಆಡಲಿಲ್ಲ.

ಆಗ ಅರಮನೆಯ ಕಡೆಯಿಂದ ಏಚಮಯ್ಯ ನಾಯಕನು ನಡೆದು ಬಂದನು. ಅವನು ಎಡಗಾಲಿಗೆ ಬಳೆಯಂತೆ ತೊಟ್ಟಿದ್ದ ಕಬ್ಬಿಣದ ಪೆಂಡೆಯವು ಕಲ್ಲುಹಾಸಿಗೆ ತಗುಲಿ ಖಣಖಣಿಸಿದೊಡನೆ ಬೀದಿಯುದ್ದಕ್ಕೂ ಜನ ತಲೆಯೆತ್ತಿ ನೋಡಿದರು, ನೋಡಿ ನಿಟ್ಟುಸಿರು ಬಿಟ್ಟರು. ಒಬ್ಬ ಮುದುಕಿ ಕೈಮುಗಿದು, "ನಾಯಕರು ನಡೆಯುತ್ತಿದ್ದಾರೆ. ಹಾಗಾದರೆ ಅರಸರು ಚೆನ್ನಾಗಿದ್ದಾರೆ" ಎಂದಳು.

ಅವಳು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಏಚಮಯ್ಯನು ಅರಸ ಬಲ್ಲವರಸನ ಲೆಂಕ. ಲೆಂಕನೆಂದರೆ ಒಡೆಯನೊಡನೆ ಬದುಕಿ ಒಡೆಯನೊಡನೆ ಸಾಯುವೆನೆಂದು ದೇವರ ಮುಂದೆ ಭಾಷೆ ಕೊಟ್ಟು ಪೆಂಡೆಯ ತೊಟ್ಟ ವೀರ. ಅರಸನ ದೇಹ ಚಿತೆಗೇರುವ ಮೊದಲೇ ಅವನ ಪ್ರಾಣವೂ ಹೋಗಬೇಕು. ಆ ಭಾಷೆಯ ಬೆಂಕಿ ಇನ್ನೊಂದು ಜೀವಕ್ಕೆ ತಗುಲಬಾರದೆಂದು ಅವನು ಮದುವೆಯನ್ನೂ ಮಾಡಿಕೊಂಡಿರಲಿಲ್ಲ. ಅರಸರು ಶ್ರಾವಣದಲ್ಲಿ ಹಾಸಿಗೆ ಹಿಡಿದಂದಿನಿಂದ ನಾಡು ವೈದ್ಯರ ಮಾತನ್ನು ನಂಬಿರಲಿಲ್ಲ, ಮಂತ್ರಿಗಳ ಸಾರಿಕೆಯನ್ನೂ ನಂಬಿರಲಿಲ್ಲ. ಏಚಮಯ್ಯನ ಕಾಲಿನ ಸದ್ದನ್ನು ಮಾತ್ರ ನಂಬಿತ್ತು.

ಏಚಮಯ್ಯನಿಗೆ ಈ ನಂಬಿಕೆ ಇತ್ತೀಚೆಗೆ ಭಾರವೆನಿಸತೊಡಗಿತ್ತು. ಏಕೆಂದರೆ ಅವನಿಗೇ ಅರಸರ ದರ್ಶನವಾಗಿ ವಾರ ಕಳೆದಿತ್ತು. ಮುದಿ ದಾದಿಯೊಬ್ಬಳನ್ನು ಬಿಟ್ಟು ಶಯನಗೃಹದ ಹಳೆಯ ಪರಿಚಾರಕರನ್ನೆಲ್ಲ ಮಹಾಪ್ರಧಾನ ಕಾವಣಯ್ಯನು ಬದಲಿಸಿದ್ದನು. ಬೆಟ್ಟದ ಮೇಲಿನ ತಾರಾವಿಹಾರದಿಂದ ದಿನವೂ ಮದ್ದು ತರುತ್ತಿದ್ದ ವೈದ್ಯಭಿಕ್ಷುವನ್ನು ಹೆಬ್ಬಾಗಿಲಿನಿಂದಲೇ ತಿರುಗಿ ಕಳುಹಿಸಲಾಗಿತ್ತು. ತಂದೆಯನ್ನು ನೋಡಲು ಬಂದ ರಾಜಕುಮಾರಿ ಕಂಚಲದೇವಿಗೂ ಬಾಗಿಲು ತೆರೆದಿರಲಿಲ್ಲ. ಅಂದು ಅವಳ ಊಟದ ತಟ್ಟೆಗೆ ಬಾಯಿಟ್ಟ ಸಾಕುಮುಂಗುಸಿ ಸತ್ತುಬಿದ್ದ ಮೇಲೆ ಅವಳು ಯಾರಿಗೂ ಹೇಳದೆ ವಿಹಾರಕ್ಕೆ ಹೋಗಿ ಶರಣಾಗಿದ್ದಳು. ಗಂಡುಸಂತಾನವಿಲ್ಲದ ಅರಸರು ತುಂಬಿದ ಸಭೆಯಲ್ಲಿ, ತಮ್ಮ ನಂತರ ಮಗಳೇ ನಾಡನ್ನಾಳಬೇಕೆಂದು ನುಡಿದಿದ್ದರು. ಆ ನುಡಿ ಕಾವಣಯ್ಯನಿಗೆ ಹಿಡಿಸಿರಲಿಲ್ಲ. ಅರಸರ ತಮ್ಮನ ಮಗ ಗೊಂಕರಸನಿಗೆ ಅವನು ತನ್ನ ಮಗಳನ್ನು ಕೊಟ್ಟಿದ್ದನು.

ಮಂತ್ರಶಾಲೆಯಲ್ಲಿ ಕಾವಣಯ್ಯನು ಏಚಮಯ್ಯನನ್ನು ಎದ್ದು ನಿಂತು ಬರಮಾಡಿಕೊಂಡನು. ಆತನು ತೆಳ್ಳಗೆ, ಬೆಳ್ಳಗೆ, ಎಂದೂ ದನಿಯೆತ್ತದ ಮನುಷ್ಯ. ಅವನ ಬೆರಳಿನಲ್ಲಿ ರಾಜಮುದ್ರೆಯ ಉಂಗುರವಿತ್ತು. ಪಕ್ಕದಲ್ಲಿ ಗೊಂಕರಸನು ಈಟಿಯ ಅಲಗನ್ನು ಒರೆಸುತ್ತ ಕುಳಿತಿದ್ದನು.

"ನಾಯಕರೇ, ಮನಸ್ಸು ಗಟ್ಟಿಮಾಡಿಕೊಳ್ಳಿ," ಎಂದನು ಕಾವಣಯ್ಯ. "ಅರಸರಿಗೆ ವಿಷಪ್ರಾಶನವಾಗಿದೆ. ವಿಹಾರದ ಮದ್ದಿನಲ್ಲೇ ಇತ್ತಂತೆ. ಮಗಳು ಹೇಳಿದಳು, ಭಿಕ್ಷುಗಳು ಅರೆದರು. ಪಾಪ ಹೊರಬೀಳುತ್ತಲೇ ಆಕೆ ಅವರ ಮರೆಗೆ ಓಡಿದಳು."

"ಕಂಚಲದೇವಿಯವರೇ?"

"ನನಗೂ ನಂಬಲಾಗಲಿಲ್ಲ. ಆದರೆ ಅರಸರೇ ಸನ್ನೆಯಿಂದ ಅಪ್ಪಣೆ ಕೊಟ್ಟಿದ್ದಾರೆ. ವಿಹಾರದ ಬಾಗಿಲು ಒಡೆಯಬೇಕು, ಆಕೆಯನ್ನು ಹಿಡಿದು ತರಬೇಕು, ಆ ವಿಷದ ಗೂಡನ್ನು ನೆಲಸಮ ಮಾಡಬೇಕು. ಅಡ್ಡ ಬಂದ ರಾಜದ್ರೋಹಿಗೆ ನಿಂತಲ್ಲೇ ಮರಣ. ಹೀಗೆಂದು ಪಡೆಗೆ ಸಾರಿಸಿಯಾಗಿದೆ. ಪಡೆಯ ಮುಂದೆ ನೀವಿರಬೇಕು."

"ಸೇನಾಪತಿಗಳಿದ್ದಾರಲ್ಲವೆ, ಪ್ರಧಾನರೇ?"

"ಇದ್ದಾರೆ. ಆದರೆ ನಾನೂರು ವರ್ಷದ ಧರ್ಮಸ್ಥಾನದ ಮೇಲೆ ಕೈಮಾಡಲು ಸೈನಿಕರು ಅಳುಕುತ್ತಾರೆ. ಅರಸರ ಲೆಂಕನೇ ಮುಂದೆ ನಡೆದರೆ ಯಾರೂ ಎರಡು ಮಾತಾಡುವುದಿಲ್ಲ."

ಏಚಮಯ್ಯನು ತಲೆಬಾಗಿದನು. "ಯುದ್ಧಕ್ಕೆ ಹೊರಡುವ ಮುನ್ನ ಒಡೆಯರ ಪಾದ ಮುಟ್ಟುವುದು ನನ್ನ ಪದ್ಧತಿ. ಅದೊಂದಕ್ಕೆ ಅವಕಾಶವಾಗಲಿ."

"ಅರಸರು ಮಲಗಿದ್ದಾರೆ," ಎಂದನು ಕಾವಣಯ್ಯ. ಗೊಂಕರಸನ ಕೈಯಲ್ಲಿದ್ದ ಬಟ್ಟೆ ಅಲಗಿನ ಮೇಲೆ ಕ್ಷಣಹೊತ್ತು ನಿಂತಿತು. ಅದನ್ನು ಏಚಮಯ್ಯ ನೋಡಿದನು.

ಪಡೆ ಕೂಡಿಕೊಳ್ಳುವಷ್ಟರಲ್ಲಿ ಅವನು ಹಿಂದಿನ ಅಂಗಳದಿಂದ ಶಯನಗೃಹದತ್ತ ನಡೆದನು. ಬಾಗಿಲಿನ ಹೊಸ ಕಾವಲುಗಾರರು ಈಟಿ ಅಡ್ಡ ಹಿಡಿದರು. "ಅರಸರ ಪಾದಕ್ಕೂ ನನಗೂ ನಡುವೆ ಈಟಿ ಹಿಡಿಯುವ ಕೈ ಯಾವುದು, ನೋಡೋಣ," ಎಂದು ಅವನು ಮೆಲ್ಲನೆ ಹೇಳಿದನು. ಲೆಂಕನ ಮೈ ಮುಟ್ಟುವ ಧೈರ್ಯ ಅವರಿಗಿರಲಿಲ್ಲ, ಈಟಿಗಳು ಕೆಳಗಿಳಿದವು.

ಹೊರಗೆ ಹಾಡುಹಗಲಾದರೂ ಒಳಗೆ ಕತ್ತಲು. ಗುಗ್ಗುಳದ ಹೊಗೆ ಕಣ್ಣು ಕಟ್ಟುವಷ್ಟು ದಟ್ಟವಾಗಿತ್ತು. ಅದರಡಿ, ಹೊಗೆ ಎಷ್ಟು ಹಾಕಿದರೂ ಮುಚ್ಚಲಾಗದ ಇನ್ನೊಂದು ವಾಸನೆ ಇತ್ತು. ರಣರಂಗದಲ್ಲಿ ಬೆಳೆದ ಏಚಮಯ್ಯನಿಗೆ ಆ ವಾಸನೆಯ ಪರಿಚಯ ಹೇಳಬೇಕಾಗಿರಲಿಲ್ಲ. ಆದರೂ ಅವನು ಮಂಚದ ಬಳಿಗೆ ಹೋಗಿ, ಮೊಣಕಾಲೂರಿ, ರೇಷ್ಮೆಯ ಹೊದಿಕೆ ಸರಿಸಿ, ಒಡೆಯನ ಪಾದಗಳನ್ನು ಎರಡೂ ಕೈಗಳಿಂದ ಹಿಡಿದುಕೊಂಡನು. ಅವು ಕಲ್ಲಿನಂತೆ ತಣ್ಣಗಿದ್ದವು. ಬೆರಳುಸಂದಿಯಲ್ಲಿ ಉಪ್ಪು ಮತ್ತು ಕರ್ಪೂರದ ಪುಡಿ ಮೆತ್ತಿತ್ತು.

ಮೂಲೆಯಲ್ಲಿ ಏನೋ ಅಲುಗಿತು. ಅರಸರನ್ನು ಎತ್ತಿ ಆಡಿಸಿದ ದಾದಿ ಹರಿಯಕ್ಕ ಗೋಡೆಗೊರಗಿ ಕುಳಿತಿದ್ದಳು. ಅವಳ ತುಟಿಯ ಕೊನೆಗಳು ಒಡೆದು ರಕ್ತ ಒಣಗಿತ್ತು.

"ಮೊನ್ನೆಯೇ ಹೋದರಪ್ಪಾ," ಎಂದು ಉಸಿರಿದಳು. "ವಿಹಾರದ ಮದ್ದು ನಿಂತ ಮೇಲೆ ಇವರದೇ ಕಷಾಯ ಕುಡಿಸಿದರು. ಎರಡು ಸಲ 'ಕಂಚಲೆ' ಎಂದರು, ಅಷ್ಟೆ. ನಾನು ಅಳದಂತೆ ಬಾಯಿಗೆ ಬಟ್ಟೆ ತುರುಕಿದ್ದರು."

ಏಚಮಯ್ಯನಿಗೆ ಮೊದಲು ಬಂದದ್ದು ದುಃಖವಲ್ಲ, ನಾಚಿಕೆ. ಮೊನ್ನೆಯಿಂದ ತಾನು ಉಂಡಿದ್ದನು, ಮಲಗಿದ್ದನು, ಬೀದಿಯಲ್ಲಿ ನಡೆದಿದ್ದನು. ತನ್ನ ಪ್ರತಿಯೊಂದು ಹೆಜ್ಜೆಯೂ ಜನರಿಗೆ ಸುಳ್ಳು ಹೇಳಿತ್ತು. ಇಡೀ ನಾಡಿನ ಕಣ್ಣಿಗೆ ಮಣ್ಣೆರಚಲು ಕಾವಣಯ್ಯನಿಗೆ ಬೇರೇನೂ ಬೇಕಾಗಿರಲಿಲ್ಲ. ಒಬ್ಬ ಲೆಂಕ ಉಸಿರಾಡುತ್ತಿದ್ದರೆ ಸಾಕಾಗಿತ್ತು. ಅವನ ಕೈ ತಾನಾಗಿ ಕತ್ತಿಯ ಹಿಡಿಗೆ ಹೋಯಿತು. ಇಲ್ಲಿ, ಈ ಪಾದಗಳ ಬಳಿಯೇ ಮುಗಿಸಿಬಿಟ್ಟರೆ ಭಾಷೆ ಉಳಿಯುತ್ತದೆ.

ಆದರೆ ಯಾರಿಗೆ ತಿಳಿಯುತ್ತದೆ? ಈ ಗೋಡೆಗಳ ನಡುವೆ ಸತ್ತರೆ ಇಬ್ಬರ ದೇಹವನ್ನೂ ಇದೇ ಹೊಗೆ ಮುಚ್ಚುತ್ತದೆ. ಬೆಟ್ಟದ ಮೇಲೆ ಬಾಗಿಲು ಮುರಿಯುತ್ತದೆ, ಕಂಚಲದೇವಿಯ ತಲೆ ಉರುಳುತ್ತದೆ, ಆಮೇಲೆ ತಕ್ಕ ಮುಹೂರ್ತ ನೋಡಿ ಅರಸರ ಮರಣವನ್ನು ಸಾರುತ್ತಾರೆ. ತನ್ನ ಭಾಷೆ ನಿಂತು, ಒಡೆಯನ ನುಡಿ ಬಿದ್ದುಹೋಗುತ್ತದೆ.

ಅವನು ಕತ್ತಿಯ ಹಿಡಿಯನ್ನು ಬಿಟ್ಟನು. ಬದುಕಿರುವುದು ಅವನಿಗೆ ಎಂದೂ ಅಷ್ಟು ಕಷ್ಟವಾಗಿರಲಿಲ್ಲ.

"ಇನ್ನು ಸ್ವಲ್ಪ ಹೊತ್ತು ಅಳಬೇಡಿ, ತಾಯಿ," ಎಂದು ಹರಿಯಕ್ಕನ ಪಾದ ಮುಟ್ಟಿ, ಹೊರಗೆ ಬಂದು, ಬಾಗಿಲ ಕಾವಲುಗಾರರಿಗೆ "ಅರಸರು ನಿದ್ರಿಸುತ್ತಿದ್ದಾರೆ, ಎಬ್ಬಿಸಲಿಲ್ಲ" ಎಂದನು. ಜೀವಮಾನದಲ್ಲಿ ಅವನಾಡಿದ ಸುಳ್ಳು ಅದೊಂದೇ ಇರಬಹುದು.

ಪಡೆ ಹೊರಟಿತು. ಮುಂದೆ ಏಚಮಯ್ಯ, ಅವನ ಹಿಂದೆ ಕುದುರೆಯ ಮೇಲೆ ಗೊಂಕರಸ, ಪಲ್ಲಕ್ಕಿಯಲ್ಲಿ ಕಾವಣಯ್ಯ, ಬಾಗಿಲೊಡೆಯಲು ದೂಲ ಹೊತ್ತ ಆಳುಗಳು. ಪೇಟೆಯ ಜನ ಅಂಗಡಿ ಮುಚ್ಚಿ ಹಿಂಬಾಲಿಸಿದರು. ಯಾರೂ ಜಯಘೋಷ ಮಾಡಲಿಲ್ಲ. ಬೆಟ್ಟದ ಮೇಲೆ ಮಳೆಯಿಲ್ಲದ ಮೋಡ ಕವಿದು, ಬಿಸಿಲು ಹಿತ್ತಾಳೆಯ ಬಣ್ಣಕ್ಕೆ ತಿರುಗಿತ್ತು.

ಆ ಬೆಟ್ಟದ ಮೇಲಿನ ತಾರಾವಿಹಾರವು ನಂದವಳಿಗೆಗಿಂತಲೂ ಹಳೆಯದು. ಸಾರ್ಥವಾಹನೊಬ್ಬನ ವಿಧವೆ, ಕಡಲಿನಲ್ಲಿ ಗಂಡನನ್ನು ಕಳೆದುಕೊಂಡ ಮೇಲೆ, ಇನ್ನಾರ ಗಂಡನೂ ಹಾಗೆ ಮುಳುಗದಿರಲೆಂದು ತಾರಾಭಗವತಿಯನ್ನು ಇಲ್ಲಿ ನಿಲ್ಲಿಸಿದಳೆಂದು ಹಿರಿಯರು ಹೇಳುತ್ತಿದ್ದರು. ಬಂಡೆಯಲ್ಲಿ ಕೊರೆದ ಭಿಕ್ಷುಗಳ ಕೋಣೆಗಳು, ಸುಣ್ಣ ಉದುರಿ ಇಟ್ಟಿಗೆ ಕಾಣುವ ದೊಡ್ಡ ಸ್ತೂಪ, ಸಿಂಹಳದಿಂದ ಬಂದ ಕಂಚಿನ ಗಂಟೆ, ರೋಗಿಗಳಿಗೆಂದೇ ಕಟ್ಟಿಸಿದ ಉದ್ದನೆಯ ಶಾಲೆ. ಹಿಂದೆ ದೂರದೇಶಗಳಿಂದ ವಿದ್ಯಾರ್ಥಿಗಳು ಬಂದು ಕಲಿತ ಈ ಸ್ಥಳದಲ್ಲಿ ಈಗ ಉಳಿದವರು ಕೆಲವೇ ಮಂದಿ ಮುದಿ ಭಿಕ್ಷುಗಳು. ಆದರೂ ಶಿವಾಲಯಕ್ಕೆ ಹೋಗುವವರೂ ಬಸದಿಗೆ ಹೋಗುವವರೂ ಮಕ್ಕಳಿಗೆ ಜ್ವರ ಬಂದಾಗ ಈ ಮೆಟ್ಟಿಲು ಹತ್ತುತ್ತಿದ್ದರು. ಇಲ್ಲಿ ಶರಣೆಂದವನನ್ನು ಯಾವ ಅರಸನೂ ಹಿಡಿಯುವಂತಿರಲಿಲ್ಲ. ಆಯುಧವಿದ್ದವರು ಹೊರಗಿನ ಅಶ್ವತ್ಥದ ಬುಡದಲ್ಲಿ ಅದನ್ನಿಟ್ಟೇ ಹೊಸ್ತಿಲು ದಾಟಬೇಕಿತ್ತು. ಬಲ್ಲವರಸನೂ ಹಾಗೆಯೇ ದಾಟಿದ್ದನು.

"ಮೊದಲು ನಾನೊಬ್ಬನೇ ಹೋಗಿ ಕೇಳುತ್ತೇನೆ," ಎಂದನು ಏಚಮಯ್ಯ. "ಆಕೆ ತಾನಾಗಿ ಬಂದರೆ ಧರ್ಮಸ್ಥಾನ ಒಡೆದ ಪಾಪ ತಪ್ಪುತ್ತದೆ." ಕಾವಣಯ್ಯನು ಯೋಚಿಸಿ ಒಪ್ಪಿದನು.

ಅಶ್ವತ್ಥದ ಬುಡದಲ್ಲಿ ಕತ್ತಿಯನ್ನಿಟ್ಟು ಅವನು ಬಾಗಿಲು ತಟ್ಟಿದನು. ತೆರೆದವರು ಸ್ಥವಿರ ವಿನೀತಮತಿ, ವಿಹಾರದ ಹಿರಿಯ ಭಿಕ್ಷು. ಬೆನ್ನು ಬಾಗಿ, ಕಣ್ಣು ಮಂಜಾದ ವೃದ್ಧ. ಅವರ ಹಿಂದೆ ಬಿಳಿಯ ಸೀರೆಯುಟ್ಟು ಕಂಚಲದೇವಿ ನಿಂತಿದ್ದಳು. ಏಚಮಯ್ಯನನ್ನು ಕಂಡೊಡನೆ ಅವಳ ಮುಖ ಅರಳಿತು.

"ನಾಯಕರೇ, ನೀವಿದ್ದೀರಿ! ಹಾಗಾದರೆ ನನ್ನ ತಂದೆ, ಬೊಪ್ಪನವರು..."

ಅವಳು ಅವನ ಕಣ್ಣನ್ನು ನೋಡಿದಳು. ಅವಳ ಕೈ ನಿಧಾನವಾಗಿ ಬಾಗಿಲವಾಡವನ್ನು ಹಿಡಿದುಕೊಂಡಿತು.

"ಎಂದು?"

"ಮೊನ್ನೆ, ದೇವಿ. ತಮ್ಮ ಹೆಸರನ್ನೇ ಕರೆದರಂತೆ. ಈ ಮೂಢನಿಗೆ ತಿಳಿದದ್ದು ಇಂದು."

ಅವಳು ಕೂಗಿ ಅಳಲಿಲ್ಲ. ಸೆರಗನ್ನು ಹಲ್ಲಿನಲ್ಲಿ ಕಚ್ಚಿ ನಿಂತಳು. ಆಮೇಲೆ, "ಹೊರಗೆ ಯಾರಿಗಾದರೂ ಗೊತ್ತೇ?" ಎಂದಳು.

"ಇಲ್ಲ. ಹೇಳುವುದಕ್ಕೇ ಪಡೆಯನ್ನು ಇಲ್ಲಿಯವರೆಗೆ ಕರೆತಂದಿದ್ದೇನೆ. ಅರಮನೆಯಲ್ಲಿ ಹೇಳಿದ್ದರೆ ಗೋಡೆಗಳು ನುಂಗುತ್ತಿದ್ದವು. ಇಲ್ಲಿ ಸೈನಿಕರಿದ್ದಾರೆ, ಪ್ರಜೆಗಳಿದ್ದಾರೆ, ತಾವಿದ್ದೀರಿ."

ವಿನೀತಮತಿಗಳು ಅವನ ತೋಳನ್ನು ಹಿಡಿದರು. "ಹೇಳಿದ ಮೇಲೆ ನೀನು ಏನು ಮಾಡುವೆ ಎಂಬುದು ನನಗೆ ಗೊತ್ತು, ಮಗು. ಬೇಡ. ಒಳಗೆ ಬಾ. ಶರಣೆಂದು ಒಂದು ಮಾತು ಹೇಳು. ಈ ಹೊಸ್ತಿಲು ದಾಟಿದವನ ಹಳೆಯ ಭಾಷೆಗಳೆಲ್ಲ ಹೊರಗೇ ಉಳಿಯುತ್ತವೆ. ನಿನಗೂ ಇಲ್ಲಿ ಒಂದು ಕೋಣೆಯಿದೆ."

ಏಚಮಯ್ಯನು ಒಳಗೆ ನೋಡಿದನು. ಅಂಗಳದಲ್ಲಿ ಯಾರೋ ಬೇರುಗಳನ್ನು ಒಣಹಾಕಿದ್ದರು. ಕಾಯಿಲೆಯ ಶಾಲೆಯಿಂದ ಒಂದು ಕೂಸು ಅಳುವುದೂ ತಾಯಿ ರಮಿಸುವುದೂ ಕೇಳಿಸಿತು. ಅವನಿಗೆ ಆಸೆಯಾಗಲಿಲ್ಲವೆಂದರೆ ಸುಳ್ಳಾದೀತು; ನಲವತ್ತರ ಪ್ರಾಯದ ಗಟ್ಟಿ ದೇಹ ಬದುಕನ್ನು ಬೇಡುತ್ತಿತ್ತು.

"ಭದಂತ, ನಾನು ಒಳಗೆ ಬಂದರೆ ಸತ್ಯವೂ ನನ್ನೊಡನೆ ಒಳಗೇ ಉಳಿಯುತ್ತದೆ," ಎಂದನು. "ಬದುಕಿದ ಲೆಂಕನ ಮಾತನ್ನು ಅವರು ನಂಬಲಾರರು."

ಅವನು ನಮಸ್ಕರಿಸಿ ತಿರುಗಿದನು. ಹೊಸ್ತಿಲ ಹೊರಗಿನ ಮೆಟ್ಟಿಲಮೇಲೆ ನಿಂತು, ರಣರಂಗದಲ್ಲಿ ಕರೆಯುವ ದನಿಯಲ್ಲಿ ಕೂಗಿದನು:

"ನಂದವಳಿಗೆಯ ವೀರರೇ, ಪ್ರಜೆಗಳೇ! ನಮ್ಮ ಒಡೆಯರು ತೀರಿಕೊಂಡಿದ್ದಾರೆ. ತಣ್ಣಗಾದ ಆ ಪಾದಗಳನ್ನು ಈ ಕೈಗಳಿಂದ ಮುಟ್ಟಿ ಬಂದಿದ್ದೇನೆ. ದೇಹವನ್ನು ಉಪ್ಪಿನಲ್ಲಿಟ್ಟು, ಸತ್ತವರ ಉಂಗುರದಿಂದ ನಿಮಗೆ ಅಪ್ಪಣೆ ಕೊಡುತ್ತಿದ್ದಾರೆ. ಅರಸರ ನುಡಿಯಂತೆ ಈ ಬಾಗಿಲ ಹಿಂದಿರುವವರೇ ಇನ್ನು ನಿಮ್ಮ ಒಡತಿ!"

ಜನಸಮೂಹದಿಂದ ನರಳಿದಂಥ ಸದ್ದೊಂದು ಎದ್ದಿತು.

ಕಾವಣಯ್ಯನು ಪಲ್ಲಕ್ಕಿಯಿಂದಿಳಿದನು. ಆಗಲೂ ಅವನ ದನಿ ಏರಲಿಲ್ಲ. "ವೀರರೇ, ನೀವೇ ಯೋಚಿಸಿ. ಅರಸರು ಹೋಗಿದ್ದರೆ ಈ ಲೆಂಕ ನಿಮ್ಮೆದುರು ಹೇಗೆ ನಿಂತಿದ್ದಾನೆ? ಒಂದೋ ಅರಸರು ಬದುಕಿದ್ದಾರೆ, ಇಲ್ಲವೇ ಇವನು ಭಾಷೆಗೆ ತಪ್ಪಿದವನು. ಎರಡರಲ್ಲಿ ಯಾವುದಾದರೂ ಇವನ ಮಾತಿಗೆ ಬೆಲೆಯಿಲ್ಲ."

ಸೈನಿಕರು ಮುಖ ಮುಖ ನೋಡಿಕೊಂಡರು. ಆ ಮಾತಿನಲ್ಲಿ ತಪ್ಪು ಹುಡುಕುವುದು ಸುಲಭವಾಗಿರಲಿಲ್ಲ.

"ಒಡೆಯರ ದೇಹ ಇನ್ನೂ ಚಿತೆಗೇರಿಲ್ಲ, ಪ್ರಧಾನರೇ," ಎಂದನು ಏಚಮಯ್ಯ. "ನನ್ನ ಭಾಷೆಗೆ ಇನ್ನೂ ವೇಳೆಯಿದೆ. ಅದನ್ನು ಇಲ್ಲಿಯೇ, ಇವರೆಲ್ಲರ ಕಣ್ಣೆದುರಿಗೆ ಸಲ್ಲಿಸುತ್ತೇನೆ. ಆಮೇಲಾದರೂ ನಂಬುತ್ತಾರೆ." ಹೀಗೆಂದು ಅವನು ಅಶ್ವತ್ಥದ ಬುಡದಲ್ಲಿದ್ದ ಕತ್ತಿಯತ್ತ ಹೆಜ್ಜೆಯಿಟ್ಟನು.

ಆಗ ಮೊದಲ ಬಾರಿಗೆ ನಂದವಳಿಗೆಯ ಜನ ಕಾವಣಯ್ಯನ ಕೂಗನ್ನು ಕೇಳಿದರು.

"ಹಿಡಿಯಿರಿ ಅವನನ್ನು! ಕೈಕಾಲು ಕಟ್ಟಿ! ಅವನು ಸಾಯಬಾರದು, ಏನೇ ಆದರೂ ಅವನು ಸಾಯಬಾರದು!"

ಯಾರೂ ಕದಲಲಿಲ್ಲ. ಪಡೆಯ ಮುಂದಿನ ಸಾಲಿನಿಂದ ಸಿಂಗಣನೆಂಬ ನರೆತ ಮೀಸೆಯ ಬಿಲ್ಲಾಳು ಮುಂದೆ ಬಂದು, ತನ್ನ ಬಿಲ್ಲನ್ನು ನೆಲಕ್ಕೂರಿ ಕೇಳಿದನು:

"ಪ್ರಧಾನರು ಕ್ಷಮಿಸಬೇಕು. ಅಡ್ಡ ಬಂದ ರಾಜದ್ರೋಹಿಗೆ ನಿಂತಲ್ಲೇ ಮರಣವೆಂದು ಬೆಳಿಗ್ಗೆ ತಾವೇ ಸಾರಿಸಿದಿರಿ. ಈತ ದ್ರೋಹಿಯಾದರೆ ಸಾಯಲಿ ಬಿಡಿ. ಅರಸರು ಬದುಕಿದ್ದರೆ ಈತನ ಸಾವಿಗೆ ತಾವೇಕೆ ಇಷ್ಟು ಹೆದರಬೇಕು?"

ಕಾವಣಯ್ಯನು ಪಲ್ಲಕ್ಕಿಯತ್ತ ಒಂದು ಹೆಜ್ಜೆ ಹಿಂದೆ ಸರಿದನು.

"ಅರಸರನ್ನು ತೋರಿಸಿ," ಎಂದಿತು ಹಿಂದಿನಿಂದ ಒಂದು ದನಿ. "ತೋರಿಸಿ, ತೋರಿಸಿ" ಎಂದು ನೂರು ದನಿ ಸೇರಿದವು. ದೂಲ ಹೊತ್ತವರು ದೂಲವನ್ನು ಕೆಳಗೆ ಹಾಕಿದರು. ಆ ಗದ್ದಲದ ನಡುವೆ ಬಾಗಿಲು ಪೂರ್ತಿ ತೆರೆದು, ಭಿಕ್ಷುಗಳು ತಡೆದರೂ ಕೇಳದೆ, ಕಂಚಲದೇವಿ ಹೊರಗೆ ಬಂದಳು. "ನನ್ನ ತಂದೆಯ ಕಡೆಗೆ ನನ್ನನ್ನು ಕರೆದೊಯ್ಯಿರಿ," ಎಂದು ಸೈನಿಕರಿಗೆ ಕೈಮುಗಿದಳು.

ಗೊಂಕರಸನಿಗೆ ಮಾವನ ತಾಳ್ಮೆಯಿರಲಿಲ್ಲ. ಎಲ್ಲವೂ ಕೈತಪ್ಪುತ್ತಿರುವುದನ್ನು ಕಂಡು ಅವನು ಕುದುರೆಯನ್ನು ಮುಂದಕ್ಕೆ ಚಿಮ್ಮಿಸಿ, ತೋಳನ್ನು ಹಿಂದಕ್ಕೆಳೆದು, ಬೆಳಿಗ್ಗೆಯಿಂದ ಒರೆಸಿದ ಆ ಈಟಿಯನ್ನು ಅವಳ ಎದೆಗೆ ಗುರಿಯಿಟ್ಟು ಎಸೆದನು.

ಕತ್ತಿಯ ಬಳಿ ತಲುಪಿದ್ದ ಏಚಮಯ್ಯನು ಅದನ್ನು ಎತ್ತಿಕೊಳ್ಳಲಿಲ್ಲ, ಎತ್ತಿಕೊಳ್ಳಲು ಹೊತ್ತಿರಲಿಲ್ಲ. ಬರಿಗೈಯಲ್ಲಿ ಹಾರಿ ಅವಳ ಮುಂದೆ ನಿಂತನು. ಈಟಿ ಅವನ ಪಕ್ಕೆಲುಬಿನ ಕೆಳಗೆ ಹೊಕ್ಕು ಬೆನ್ನಿನಲ್ಲಿ ಹೊರಟಿತು. ಅವನು ಬೀಳಲಿಲ್ಲ, ಮೆಲ್ಲನೆ ಕುಳಿತುಕೊಂಡನು, ದಣಿದ ಪಯಣಿಗ ಮೆಟ್ಟಿಲಿನ ಮೇಲೆ ಕುಳಿತುಕೊಳ್ಳುವಂತೆ.

ಸಿಂಗಣನ ಬಾಣ ಗೊಂಕರಸನ ಕುದುರೆಯನ್ನು ಉರುಳಿಸಿತು. ಉಳಿದವರು ಅವನ ಮೇಲೆ ಬಿದ್ದರು. ಕಾವಣಯ್ಯನು ಓಡಲಿಲ್ಲ. ತನ್ನ ಬೆರಳಿನ ಉಂಗುರವನ್ನು ನೋಡುತ್ತ, ಯಾರೋ ಬಂದು ತೋಳು ಹಿಡಿಯುವವರೆಗೂ ನಿಂತಲ್ಲೇ ನಿಂತಿದ್ದನು.

ವಿನೀತಮತಿಗಳು ಏಚಮಯ್ಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ವೈದ್ಯಭಿಕ್ಷು ಗಾಯವನ್ನು ನೋಡಿ ತಲೆಯಾಡಿಸಿದನು. ಕಂಚಲದೇವಿ ಅವನ ಕೈ ಹಿಡಿದು, "ನಾಯಕರೇ, ಬೊಪ್ಪನವರ ಮಗಳಾಗಿ, ನಾಡಿನ ಒಡತಿಯಾಗಿ ಹೇಳುತ್ತೇನೆ. ನಿಮ್ಮ ಭಾಷೆಯನ್ನು ಬಿಡಿಸಿದ್ದೇನೆ. ಬದುಕಬೇಕು ನೀವು" ಎಂದಳು.

ಏಚಮಯ್ಯನ ತುಟಿಯಲ್ಲಿ ನಗುವಿನಂಥದೇನೋ ಮೂಡಿತು. "ಒಡೆಯರು ಬಹಳ ದೂರ ಹೋಗಿಬಿಟ್ಟಿದ್ದಾರೆ, ತಾಯಿ," ಎಂದನು. "ಎರಡು ದಿನ ತಡವಾಯಿತು. ಓಡಬೇಕು."

ಅದೇ ಅವನ ಕೊನೆಯ ಮಾತು.

ಸಂಜೆಗೆ ಮುಂಚೆ ಪಡೆಯೂ ಪ್ರಜೆಗಳೂ ಶಯನಗೃಹದ ಕಿಟಕಿಗಳನ್ನು ಒಡೆದು ಬೆಳಕು ಬಿಟ್ಟರು. ಹರಿಯಕ್ಕ ಆಗ ಅತ್ತಳು. ಅವಳ ಅಳುವಿನೊಡನೆ ಇಡೀ ನಂದವಳಿಗೆ ಅತ್ತಿತು. ಕಾವಣಯ್ಯ ಮತ್ತು ಗೊಂಕರಸರನ್ನು ಸೆರೆಯಲ್ಲಿಟ್ಟರು. ಅವರ ವಿಚಾರಣೆ ಮುಂದೆ ನಡೆಯಿತು, ಇಬ್ಬರನ್ನೂ ನಾಡಿನ ಗಡಿಯಾಚೆ ಅಟ್ಟಿದರು. ವರದೆಯ ದಂಡೆಯಲ್ಲಿ ಅರಸನಿಗೂ ಲೆಂಕನಿಗೂ ಚಿತೆಗಳನ್ನು ಒಟ್ಟಿದಾಗ ಜನ ಹಿಂದೆಂದೂ ಕಾಣದ ಒಂದು ದೃಶ್ಯವನ್ನು ಕಂಡರು: ಕೊಲ್ಲುವವರ ಮೆರವಣಿಗೆಗೂ ಸಾಯುವವರ ಹೊಗಳಿಕೆಗೂ ಎಂದೂ ಬೆಟ್ಟವಿಳಿಯದ ತಾರಾವಿಹಾರದ ಭಿಕ್ಷುಗಳು, ಸ್ಥವಿರ ವಿನೀತಮತಿಗಳನ್ನು ಮುಂದಿಟ್ಟುಕೊಂಡು, ಬರಿಗಾಲಲ್ಲಿ ಏಚಮಯ್ಯನ ಚಟ್ಟದ ಹಿಂದೆ ನಡೆದು ಬರುತ್ತಿದ್ದರು. ವೃದ್ಧರು ಮಂತ್ರ ಹೇಳುತ್ತಿದ್ದರೋ ಅಳುತ್ತಿದ್ದರೋ ತಿಳಿಯುತ್ತಿರಲಿಲ್ಲ.

ಕಾರ್ತಿಕದಲ್ಲಿ ಕಂಚಲದೇವಿಗೆ ಪಟ್ಟಾಭಿಷೇಕವಾಯಿತು. ಹಳೆಯ ಸಂಪ್ರದಾಯದಂತೆ, ಹೊಸ ಒಡತಿಗೆ ಲೆಂಕರಾಗಿ ಭಾಷೆ ಕೊಡಲು ನಾಡಿನ ಒಳ್ಳೊಳ್ಳೆಯ ಮನೆತನಗಳ ಯುವಕರು ಪೆಂಡೆಯಗಳನ್ನು ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರ ಮುಂದೆ ಸಿಂಗಣನ ಮಗನಿದ್ದನು. ಅವಳು ಸಿಂಹಾಸನದಿಂದ ಎದ್ದು ಅವನ ಬಳಿಗೆ ಹೋದಳು.

"ಮನೆಗೆ ಹೋಗು, ತಮ್ಮಾ," ಎಂದಳು. "ನನ್ನೊಡನೆ ಸಾಯುವವರು ಬೇಡ. ನಾನು ಸತ್ತರೆ ಸತ್ತಳೆಂದು ಬೀದಿಯಲ್ಲಿ ನಿಂತು ಹೇಳುವವರಿದ್ದರೆ ಸಾಕು."

ಸಭೆಯಲ್ಲಿ ಯಾರೋ ಹಿರಿಯರು ಸಂಪ್ರದಾಯದ ಮಾತೆತ್ತಿದರು. ಅವಳು ಕೇಳಿಸಿಕೊಂಡಳು. ಆ ಹುಡುಗನ ಕೈಯಿಂದ ಕಬ್ಬಿಣದ ಬಳೆಯನ್ನು ತಾನೇ ಬಿಡಿಸಿಕೊಂಡು ಪಕ್ಕಕ್ಕಿಟ್ಟಳು. ಆ ದಿನದಿಂದ ನಂದವಳಿಗೆಯಲ್ಲಿ ಯಾರೂ ಲೆಂಕರಾಗಲಿಲ್ಲ.